ಮಣ್ಣು ಮುಟ್ಟದೆ ಒಯ್ಯುವ ವಿದ್ಯೆ

ಕಾಡಿನಿಂದ ಬೇರನ್ನೋ ತೊಗಟೆಯನ್ನೋ ಕದ್ದೊಯ್ಯುವವನನ್ನು ಹಿಡಿಯಲು ಕಾನೂನಿದೆ. ಆದರೆ ಜೀವಿಯನ್ನು ಮುಟ್ಟದೆ, ಅದರ ವಂಶವಾಹಿಯ ಅಕ್ಷರಮಾಲೆಯನ್ನಷ್ಟೇ ಒಯ್ಯುವವನನ್ನು ತಡೆದು ಕೇಳುವವರು ಯಾರು?

ಕೆಲವು ವಂಶವಾಹಿಗಳು ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತವೆ. ಇದನ್ನು ಮೆಕ್ಕೆಜೋಳದಲ್ಲಿ ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಟ್ರಾನ್ಸ್‌ಪೋಸಾನ್ ಎಂಬ ಈ ಜಿಗಿಯುವ ತುಣುಕುಗಳು ಬ್ಯಾಕ್ಟೀರಿಯಾಗಳಲ್ಲಿಯೂ ಹೇರಳವಾಗಿವೆ. 2019ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಯಾಮುಯೆಲ್ ಸ್ಟರ್ನ್‌ಬರ್ಗ್ ಅವರ ತಂಡವು ಕಾಲರಾ ಬ್ಯಾಕ್ಟೀರಿಯಾದ ಟಿಎನ್6677 ಎಂಬ ಟ್ರಾನ್ಸ್‌ಪೋಸಾನನ್ನು ಪರೀಕ್ಷಿಸಿತು. ಆರ್‌ಎನ್‌ಎ ತೋರಿದ ಜಾಗದ ಪಕ್ಕದಲ್ಲಿಯೇ ಅದು ಹೊಸ ವಂಶವಾಹಿಯನ್ನು ಸೇರಿಸಬಲ್ಲದೆಂದು ಸಿದ್ಧಪಡಿಸಿತು. ಕ್ರಿಸ್ಪರ್-ಕ್ಯಾಸ್9 ಡಿಎನ್‌ಎಯನ್ನು ಕಡಿದು ದುರಸ್ತಿಯನ್ನು ಜೀವಕೋಶಕ್ಕೆ ಬಿಡುತ್ತದೆ. ಇಲ್ಲಿ ಅಂತಹ ಕಡಿತದ ಹಂಗಿಲ್ಲ. ಇದು ನಿಸ್ಸಂದೇಹವಾಗಿ ದೊಡ್ಡ ಸಾಧನೆ.

ಆದರೆ ಆ ಬ್ಯಾಕ್ಟೀರಿಯಾ ಬಂದುದೆಲ್ಲಿಂದ? ಅದು ಎಚ್‌ಇ-45 ಎಂಬ ಹೈಟಿಯ ತಳಿ. 2010ರಲ್ಲಿ ಭೂಕಂಪದಿಂದ ಜರ್ಝರಿತವಾಗಿದ್ದ ಆ ಬಡ ನಾಡಿನಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಮಡಿದರು. ಆ ಪಿಡುಗಿನ ಅಧ್ಯಯನಕ್ಕೆಂದು ಅಲ್ಲಿ ಸಂಗ್ರಹಿಸಿದ ತಳಿಗಳ ಜೀನೋಮ್‌ಗಳು ಸಾರ್ವಜನಿಕ ದತ್ತಾಂಶ ಭಂಡಾರ ಸೇರಿದವು. ಸಂಶೋಧಕರು ಹೈಟಿಯ ನೀರನ್ನಾಗಲಿ ಮಣ್ಣನ್ನಾಗಲಿ ಮುಟ್ಟಬೇಕಾಗಲಿಲ್ಲ. ಅಕ್ಷರಮಾಲೆಯನ್ನು ಕಳುಹಿಸಿ, ಕೃತಕ ವಂಶವಾಹಿಗಳನ್ನು ಕಂಪನಿಯೊಂದರಿಂದ ತಯಾರಿಸಿ ತರಿಸಿಕೊಂಡರು. ವಿಶ್ವವಿದ್ಯಾಲಯ ಪೇಟೆಂಟಿಗೆ ಅರ್ಜಿ ಸಲ್ಲಿಸಿತು. ಇದರಲ್ಲಿ ಕಳ್ಳತನವಿಲ್ಲ, ನಿಯಮಭಂಗವೂ ಇಲ್ಲ. ನಮ್ಮ ಆಕ್ಷೇಪವಿರುವುದೇ ಅಲ್ಲಿ: ಅಕ್ಷರಮಾಲೆಯ ಬಳಕೆಗೆ ಅಂದು ಜಗತ್ತು ಒಪ್ಪಿದ ನಿಯಮವೇ ಇರಲಿಲ್ಲ.

ಜ್ಞಾನ ಮುಕ್ತವಾಗಿರಲಿ ಎಂದು ವಿಜ್ಞಾನಿಗಳು ವಾದಿಸುತ್ತಾರೆ. ನಾವೂ ಒಪ್ಪುತ್ತೇವೆ. ಹಾಗಾದರೆ ಮುಕ್ತ ಭಂಡಾರದಿಂದ ಹುಟ್ಟಿದ ಉಪಕರಣಕ್ಕೆ ಪೇಟೆಂಟಿನ ಬೇಲಿಯೇಕೆ? ಒಳಬರುವ ಬಾಗಿಲು ಎಲ್ಲರದು, ಹೊರಹೋಗುವ ಬಾಗಿಲಿಗೆ ಮಾತ್ರ ಖಾಸಗಿ ಬೀಗ!

2024ರಲ್ಲಿ ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನವು ಇದಕ್ಕೊಂದು ಪರಿಹಾರ ಸೂಚಿಸಿತು. ಅನುಕ್ರಮ ಮಾಹಿತಿಯಿಂದ ಗಳಿಸುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ವರಮಾನದ ಶೇ. 0.1ರಷ್ಟನ್ನು ನಿಧಿಯೊಂದಕ್ಕೆ ಸಲ್ಲಿಸಬೇಕೆಂಬುದು ಅದರ ಆಶಯ. ಆದರೆ ಅದು ಕಡ್ಡಾಯವಲ್ಲ. ಹುಂಡಿಗೆ ಹಾಕುವ ಕಾಣಿಕೆಯಿಂದ ನ್ಯಾಯ ದಕ್ಕೀತೆ?

ಮಲೆನಾಡಿಗೂ ಇದು ದೂರದ ಮಾತಲ್ಲ. ನಮ್ಮ ಕಾನುಗಳ ಮಣ್ಣು, ಹಳ್ಳಗಳ ಕೆಸರು ಬ್ಯಾಕ್ಟೀರಿಯಾಗಳ ಕಣಜ. 2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ವಿಧಿಸಿದೆ. ನಾಳೆ ಇಲ್ಲಿಂದ ಒಂದು ಚಮಚ ಮಣ್ಣು ಹೋದರೆ, ಅದರ ಅಕ್ಷರಮಾಲೆ ಎಂದೆಂದಿಗೂ ಹೋದಂತೆಯೇ.

ಆದ್ದರಿಂದ ಪ್ರತಿ ಅನುಕ್ರಮದೊಡನೆ ಅದರ ಮೂಲಸ್ಥಳ ದಾಖಲಾಗಬೇಕು. ಪೇಟೆಂಟ್ ಕೋರುವವರು ಆ ಮೂಲವನ್ನು ಘೋಷಿಸಬೇಕು. ಲಾಭದ ಪಾಲು ಕಡ್ಡಾಯವಾಗಬೇಕು. ಈ ಮೂರನ್ನೂ ಮುಂದಿನ ಗ್ರಾಮಸಭೆಯಲ್ಲಿ ಠರಾವಾಗಿ ಮಂಡಿಸೋಣ. ಜೀವವೈವಿಧ್ಯ ದಾಖಲೆಯಲ್ಲಿ ಮರಬಳ್ಳಿಗಳ ಜೊತೆಗೆ ನಮ್ಮ ಮಣ್ಣಿನ ಹೆಸರನ್ನೂ ಬರೆಸೋಣ.