ನಗುವ ಗುಂಪಿನಲ್ಲಿ ನಗದವನೊಬ್ಬ

ಸೇಡಂ, ಚಿತ್ತಾಪುರ, ಶಹಾಬಾದದ ಕಡೆ ಕಾಲೇಜು ಓದಿ ಈಗ ಪಾಲಕರಾಗಿರುವವರಿಗೆ 'ಫಿಶ್‌ಪಾಂಡ್' ಎಂದರೇನೆಂದು ವಿವರಿಸಬೇಕಾಗಿಲ್ಲ. ವಾರ್ಷಿಕ ಗ್ಯಾದರಿಂಗ್ ಹತ್ತಿರ ಬಂತೆಂದರೆ ವರಾಂಡದಲ್ಲಿ ಒಂದು ಡಬ್ಬಿ ಇಡುತ್ತಿದ್ದರು. ಯಾರ ಮೇಲೆ ಬೇಕಾದರೂ ನಾಲ್ಕು ಸಾಲು ಬರೆದು, ಹೆಸರು ಹಾಕದೆ ಒಳಗೆ ಹಾಕಬಹುದು. ಗ್ಯಾದರಿಂಗಿನ ದಿನ ಒಬ್ಬರು ವೇದಿಕೆಯ ಮೇಲೆ ನಿಂತು ಆ ಚೀಟಿಗಳನ್ನು ಓದುವರು, ಸಭೆ ಬಿದ್ದುಬಿದ್ದು ನಗುವುದು. ದಿನಾ ತಡವಾಗಿ ಬರುವ ಸರ್, ವಾಡಿ ರೈಲು ತಪ್ಪಿತೆಂದು ವರ್ಷಪೂರ್ತಿ ನೆಪ ಹೇಳಿದ ಗೆಳೆಯ, ಕನ್ನಡಿ ಬಿಡದ ಗೆಳತಿ: ಹೆಚ್ಚಿನ ಚೀಟಿಗಳು ಇಂಥವೇ. ಬೈಸಿಕೊಂಡವರೂ ನಗುತ್ತಿದ್ದರು.

ನಡುವೆ ಒಂದೆರಡು ಬೇರೆ ಬಗೆಯವು. ಮೈಬಣ್ಣದ ಮೇಲೆ, ಹಾಸ್ಟೆಲಿನ ಊಟದ ಮೇಲೆ, ಸ್ಕಾಲರ್‌ಶಿಪ್ಪಿನ ಹಣದ ಮೇಲೆ, ಅಪ್ಪ ಮಾಡುವ ಕಸುಬಿನ ಮೇಲೆ. ಆಗಲೂ ಸಭೆ ನಗುತ್ತದೆ. ಒಬ್ಬ ಮಾತ್ರ ನಗುವುದಿಲ್ಲ. ನಗದಿದ್ದರೆ ಸಿಟ್ಟಿನವನೆನ್ನುತ್ತಾರೆ, ನಕ್ಕರೆ ತನ್ನ ಅಪ್ಪನನ್ನೇ ನಕ್ಕಂತೆ. ಈಗ ಫಿಶ್‌ಪಾಂಡ್ ಕಡಿಮೆಯಾಗಿ, ಅದರ ಜಾಗಕ್ಕೆ ಮೊಬೈಲಿನ ಮೀಮ್‌ಗಳು ಬಂದಿವೆ. ಡಬ್ಬಿ ದೊಡ್ಡದಾಗಿದೆ, ಅಷ್ಟೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇಂಥದೇ ಒಂದು ನಗೆ ಪೊಲೀಸ್ ಠಾಣೆ ಹತ್ತಿತು. ಜೈನ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಯುವಜನೋತ್ಸವವೊಂದರಲ್ಲಿ ಕಿರುಪ್ರಹಸನ ಆಡಿದರು. ದಲಿತ ಹುಡುಗನೊಬ್ಬ ಮೇಲ್ಜಾತಿಯ ಹುಡುಗಿಯನ್ನು ಮೆಚ್ಚುವ ಕಥೆ. ಮೀಸಲಾತಿಯ ಮೇಲೆ ಜೋಕು, ಮುಟ್ಟುವುದು-ಮುಟ್ಟಬಾರದೆಂಬುದರ ಮೇಲೆ ಜೋಕು, ಅಂಬೇಡ್ಕರರ ಇನಿಷಿಯಲ್ಲುಗಳನ್ನು ಹೆಂಡದ ಹೆಸರಿಗೆ ತಿರುಚಿದ ಜೋಕು. ವಿಡಿಯೋ ಊರೂರಿಗೆ ಹರಡಿತು. ಕಾಲೇಜು ಹುಡುಗರನ್ನು ಅಮಾನತು ಮಾಡಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಮೊಕದ್ದಮೆ ಬಿದ್ದು ವಿದ್ಯಾರ್ಥಿಗಳೂ ಪ್ರಾಂಶುಪಾಲರೂ ಬಂಧನಕ್ಕೊಳಗಾದರು. ಮುಂದೆ ಕರ್ನಾಟಕ ಹೈಕೋರ್ಟು, ಇದು ಮನರಂಜನೆಗೆಂದು ಮಾಡಿದ ವಿಡಂಬನೆ, ಸಂವಿಧಾನದ 19ನೇ ವಿಧಿಯ ಆಶ್ರಯ ಇದಕ್ಕಿದೆ ಎಂದು ಪ್ರಕರಣವನ್ನು ರದ್ದುಪಡಿಸಿತು.

ಕೋರ್ಟಿನ ಮಟ್ಟಿಗೆ ಮುಗಿಯಿತು. ಆದರೆ ಕೋರ್ಟು ತೀರ್ಮಾನಿಸಿದ್ದು ಅಪರಾಧ ಹೌದೋ ಅಲ್ಲವೋ ಎಂಬುದನ್ನು ಮಾತ್ರ. ಆ ಸಭೆಯಲ್ಲಿ ನಗದೆ ಕೂತಿದ್ದವರಿಗೆ ಏನಾಯಿತು ಎಂಬುದು ಕೋರ್ಟಿನ ಮುಂದಿದ್ದ ಪ್ರಶ್ನೆಯಲ್ಲ. ಅದು ಮನೆಯಲ್ಲಿ, ತರಗತಿಯಲ್ಲಿ ಮಾತಾಡಬೇಕಾದ ಪ್ರಶ್ನೆ.

ಇದಕ್ಕಿಂತ ಜಟಿಲವಾದದ್ದು ಬಸವನಹುಳುವಿನ ಪ್ರಕರಣ. 1949ರ ಆಗಸ್ಟಿನಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಒಂದು ಚಿತ್ರ ಬರೆದರು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಕೈಯಲ್ಲಿ ಚಾಟಿ. ಹಿಂದೆ ನಿಂತ ನೆಹರೂ ಕೈಯಲ್ಲೂ ಚಾಟಿ. ಸುತ್ತ ಜನ ನೋಡಿ ನಗುತ್ತಿದ್ದಾರೆ. 2006ರಲ್ಲಿ ಎನ್‌ಸಿಇಆರ್‌ಟಿಯವರು ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಅದನ್ನು ಅಚ್ಚುಹಾಕಿ, ಸಂವಿಧಾನ ರಚನೆಗೆ ಅಷ್ಟು ಕಾಲ ಏಕೆ ಹಿಡಿಯಿತು ಎಂದು ಮಕ್ಕಳನ್ನು ಕೇಳಿದರು. 2012ರ ಮೇ 11ರಂದು ಸಂಸತ್ತಿನಲ್ಲಿ ಗದ್ದಲವೆದ್ದಿತು. ಮಂತ್ರಿ ಕಪಿಲ್ ಸಿಬಲ್ ಕ್ಷಮೆ ಕೇಳಿ ಚಿತ್ರವನ್ನು ಕೈಬಿಡುವುದಾಗಿ ಹೇಳಿದರು. ಪುಸ್ತಕದ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಮರುದಿನ ಪುಣೆಯಲ್ಲಿ ಪಳಶೀಕರರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿದವರೂ ಇದ್ದರು. ಅದನ್ನು ಸಮರ್ಥಿಸುವುದು ಕಷ್ಟ.

ಚಿತ್ರದ ಪರ ವಾದಿಸಿದವರು ಹೇಳಿದ್ದು: ಶಂಕರ್ ನೆಹರೂರನ್ನೂ ಬಿಟ್ಟವರಲ್ಲ, ಗೇಲಿ ನಿಧಾನಗತಿಯದು, ಜಾತಿಯದಲ್ಲ, 1949ರಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಮೊದಲೆರಡು ಮಾತಿನಲ್ಲಿ ಹುರುಳಿದೆ. ಮೂರನೆಯದನ್ನು ಸ್ವಲ್ಪ ನಿಂತು ನೋಡಬೇಕು. 1949ರಲ್ಲಿ ಇಂಗ್ಲಿಷ್ ವ್ಯಂಗ್ಯಚಿತ್ರ ಪತ್ರಿಕೆಯನ್ನು ಕೈಯಲ್ಲಿ ಹಿಡಿಯುತ್ತಿದ್ದವರು ಯಾರು? ಚಿಂಚೋಳಿಯ ಹೊಲಗಳಲ್ಲಿ, ಶಹಾಬಾದದ ಪರ್ಸಿ ಗಣಿಗಳಲ್ಲಿ ದುಡಿಯುತ್ತಿದ್ದ ಮನೆಗಳಿಗೆ ಅದು ಬಂದಿರಲಾರದು. ಅರವತ್ತು ವರ್ಷದ ಬಳಿಕ ಅದೇ ಮನೆಗಳ ಮೊಮ್ಮಕ್ಕಳು, ಅವರ ಪೈಕಿ ಮೊದಲ ಬಾರಿಗೆ ಪಿಯುಸಿ ಮೆಟ್ಟಿಲು ಹತ್ತಿದವರು, ಆ ಪುಟವನ್ನು ತೆರೆದರು. ಚಿತ್ರ ಅದೇ. ಬೆಂಚು ಬೇರೆ. ಚಿತ್ರದೊಳಗಿನ ಗುಂಪು ನಗುವಾಗ ಪಕ್ಕದ ಬೆಂಚೂ ನಕ್ಕರೆ ಆ ಹುಡುಗ ಎಲ್ಲಿ ನೋಡಬೇಕು?

ಇಷ್ಟಾಗಿಯೂ ಚಿತ್ರ ಕಿತ್ತುಹಾಕಿದ್ದರಿಂದ ಒಂದು ನಷ್ಟವಾಯಿತು. ಪುಸ್ತಕ ಕೇಳಿದ ಪ್ರಶ್ನೆಗೆ ಅಂಬೇಡ್ಕರರೇ ಉತ್ತರ ಕೊಟ್ಟಿದ್ದರು. ಚಿತ್ರ ಬಂದ ಮೂರೇ ತಿಂಗಳಿಗೆ, 1949ರ ನವೆಂಬರ್ 25ರಂದು, ಸಂವಿಧಾನ ಸಭೆಯಲ್ಲಿ ಅವರು ವಿಳಂಬದ ದೂರನ್ನು ಎತ್ತಿಕೊಂಡು ಲೆಕ್ಕ ಒಪ್ಪಿಸಿದರು. ಸಭೆ ತೆಗೆದುಕೊಂಡದ್ದು 2 ವರ್ಷ 11 ತಿಂಗಳು 17 ದಿನ. ಅಮೆರಿಕದವರು ನಾಲ್ಕು ತಿಂಗಳಲ್ಲಿ ಮುಗಿಸಿದರು, ನಿಜ. ಕೆನಡಾಕ್ಕೆ 2 ವರ್ಷ 5 ತಿಂಗಳು, ಆಸ್ಟ್ರೇಲಿಯಾಕ್ಕೆ 9 ವರ್ಷ ಹಿಡಿಯಿತು. ಅಮೆರಿಕದ ಸಂವಿಧಾನದಲ್ಲಿ 7 ವಿಧಿ, ಇಲ್ಲಿ 395. ಸಭೆಯ ಮುಂದೆ ಬಂದ ತಿದ್ದುಪಡಿಗಳು 2473. ಗೇಲಿಗೆ ಇದಕ್ಕಿಂತ ಚೊಕ್ಕ ಜವಾಬು ಬೇಕೆ? ಚಿತ್ರದ ಎದುರು ಪುಟದಲ್ಲಿ ಈ ಭಾಷಣವನ್ನು ಅಚ್ಚುಹಾಕಿದ್ದರೆ ಆ ಹುಡುಗ ತಲೆಯೆತ್ತಿ ಓದುತ್ತಿದ್ದ. ಪುಸ್ತಕ ಬರೆದವರಿಗೂ ಹೊಳೆಯಲಿಲ್ಲ, ಕಿತ್ತವರಿಗೂ ಹೊಳೆಯಲಿಲ್ಲ.

ಅಂಬೇಡ್ಕರರ ಚಿತ್ರವೆಂದರೆ ಇಷ್ಟು ಸೂಕ್ಷ್ಮವೇಕೆ ಎಂದು ಕೆಲವರು ಕೇಳುತ್ತಾರೆ. ಈ ಭಾಗದ ಯಾವ ಊರಿನ ಚೌಕಕ್ಕೆ ಹೋದರೂ ಪ್ರತಿಮೆ ಕಾಣುತ್ತದೆ: ನೀಲಿ ಕೋಟು, ಟೈ, ಕಂಕುಳಲ್ಲಿ ಸಂವಿಧಾನ, ಮುಂದೆ ಚಾಚಿದ ಬೆರಳು. ಬಡವರ ನಾಯಕನಿಗೆ ಸೂಟು ಯಾಕೆ ಎಂದು ಹಗುರವಾಗಿ ಆಡುವವರಿದ್ದಾರೆ. ಮೈಮೇಲೆ ಒಳ್ಳೆ ಬಟ್ಟೆ ಹಾಕಿದರೆ, ಕಾಲಲ್ಲಿ ಚಪ್ಪಲಿ ಮೆಟ್ಟಿದರೆ ಹೊಡೆತ ತಿನ್ನಬೇಕಾಗಿದ್ದ ಜನಕ್ಕೆ ಆ ಸೂಟು ಬರೀ ಉಡುಪಲ್ಲ. ತಮ್ಮನ್ನು ಹೇಗೆ ನೋಡಬೇಕೆಂದು ಅವರು ತಾವೇ ಆಯ್ದು ನಿಲ್ಲಿಸಿದ ಮೊದಲ ಚಿತ್ರ ಅದು.

ಇದೇ ಮಾತನ್ನು ಅಮೆರಿಕದ ಕಪ್ಪು ಜನ ಇನ್ನೂ ಮೊದಲು ಕಂಡುಕೊಂಡಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಅವರ ಸುಮಾರು 160 ಫೋಟೋಗಳು ಸಿಕ್ಕಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಅವರಷ್ಟು ಸಲ ಕ್ಯಾಮರಾದ ಮುಂದೆ ಕೂತ ಅಮೆರಿಕನ್ ಇನ್ನೊಬ್ಬರಿಲ್ಲ ಎನ್ನುತ್ತಾರೆ. ಒಳ್ಳೆಯ ಕೋಟು, ನೇರ ನೋಟ, ಮುಖದಲ್ಲಿ ನಗೆಯಿಲ್ಲ. ಬಿಳಿಯ ಚಿತ್ರಕಾರರು ಕಪ್ಪು ಮುಖವನ್ನು ಸೊಟ್ಟ ಬರೆಯುತ್ತಿದ್ದ, ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಿದ್ದ ಕಾಲ ಅದು. ಕ್ಯಾಮರಾ ಸೊಟ್ಟ ಬರೆಯುವುದಿಲ್ಲವೆಂದು ಡಗ್ಲಸ್ ಅದನ್ನು ನಂಬಿದರು. ಅಷ್ಟಾದರೂ ಮಾತಿನ ಸ್ವಾತಂತ್ರ್ಯ ಬೇಡ ಎನ್ನಲಿಲ್ಲ. 1860ರಲ್ಲಿ ಬಾಸ್ಟನ್ನಿನಲ್ಲಿ ಗುಲಾಮಗಿರಿ ವಿರೋಧಿ ಸಭೆಯನ್ನು ಪುಂಡರು ಮುರಿದಾಗ ಅವರು ಹೇಳಿದ್ದು, ಮಾತು ತಡೆದರೆ ಆಡುವವನಿಗಷ್ಟೇ ಅಲ್ಲ, ಕೇಳುವವನಿಗೂ ಅನ್ಯಾಯ ಎಂದು.

ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದವರು. 1946ರಲ್ಲಿ ಕಪ್ಪು ಅಮೆರಿಕನ್ನರ ಹಿರಿಯ ಚಿಂತಕ ಡ್ಯುಬಾಯ್ಸ್ ಅವರಿಗೆ ಪತ್ರ ಬರೆದು, ಅವರ ಜನ ವಿಶ್ವಸಂಸ್ಥೆಗೆ ಸಲ್ಲಿಸುತ್ತಿದ್ದ ಮನವಿಯ ಪ್ರತಿ ಕೇಳಿದ್ದರು. ಡ್ಯುಬಾಯ್ಸ್ ಉತ್ತರಿಸಿದರು. ಎರಡು ಜನರ ಪಾಡು ಒಂದೇ ಎಂದು ಹೇಳಿದರೆ ಅವಸರವಾದೀತು, ಆದರೆ ಹೋಲಿಸಿ ನೋಡಲು ಅವರೇ ದಾರಿ ತೋರಿದ್ದಾರೆ.

ಅಲ್ಲಿ 1928ರಿಂದ 'ಏಮಸ್ ಆಂಡ್ ಆಂಡಿ' ಎಂಬ ರೇಡಿಯೋ ಹಾಸ್ಯ ಬರುತ್ತಿತ್ತು. ಇಬ್ಬರು ಬಿಳಿಯರು ಕಪ್ಪು ಜನರ ದನಿಯನ್ನು ಅಣಕಿಸಿ ದೇಶವನ್ನೇ ನಗಿಸಿದರು. 1931ರಲ್ಲಿ ಕಪ್ಪು ಜನರ ಪತ್ರಿಕೆ 'ಪಿಟ್ಸ್‌ಬರ್ಗ್ ಕೂರಿಯರ್' ಕಾರ್ಯಕ್ರಮ ನಿಲ್ಲಿಸಿರೆಂದು ಸಹಿ ಸಂಗ್ರಹಕ್ಕಿಳಿಯಿತು. ಅದೇ ವರ್ಷ ಕಪ್ಪು ಜನರದೇ ಇನ್ನೊಂದು ಪತ್ರಿಕೆ, 'ಚಿಕಾಗೋ ಡಿಫೆಂಡರ್', ಆ ಇಬ್ಬರು ಹಾಸ್ಯಗಾರರನ್ನು ತನ್ನ ಮಕ್ಕಳ ಉತ್ಸವಕ್ಕೆ ಅತಿಥಿಗಳಾಗಿ ಕರೆಯಿತು! ಮುಂದೆ 1951ರಲ್ಲಿ ಅದು ಟಿ.ವಿ.ಗೆ ಬಂದಾಗ ಕಪ್ಪು ನಟರೇ ಪಾತ್ರ ಮಾಡಿದರು. ಎನ್‌ಎಎಸಿಪಿ ಎಂಬ ದೊಡ್ಡ ಸಂಘಟನೆ ಪ್ರತಿಭಟಿಸಿತು. ನಟರಿಗೆ ಅದು ಅನ್ನದ ಪ್ರಶ್ನೆ. 1953ರಲ್ಲಿ ಹೊಸ ಕಂತುಗಳ ತಯಾರಿಕೆ ನಿಂತಿತು. ಅವಮಾನಕ್ಕೊಳಗಾದವರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆಂದು ಹೊರಗಿನವರು ಭಾವಿಸುತ್ತಾರೆ. ಒಳಗೆ ಜಗಳವಿರುತ್ತದೆ, ಇರಬೇಕಾದದ್ದೂ ಹೌದು.

ಒಬಾಮಾ ಅಧ್ಯಕ್ಷರಾದ ಮೇಲೂ ಇದು ಮುಗಿಯಲಿಲ್ಲ. 2009ರ ಫೆಬ್ರುವರಿಯಲ್ಲಿ 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆ ಒಂದು ಕಾರ್ಟೂನು ಹಾಕಿತು: ಪೊಲೀಸರು ಚಿಂಪಾಂಜಿಯನ್ನು ಗುಂಡಿಟ್ಟು ಕೊಂದು, ಇನ್ನು ಆರ್ಥಿಕ ಮಸೂದೆ ಬರೆಯಲು ಬೇರೆಯವರನ್ನು ಹುಡುಕಬೇಕು ಎನ್ನುತ್ತಾರೆ. ಆ ದಿನಗಳಲ್ಲಿ ನಿಜವಾಗಿಯೂ ಒಂದು ಚಿಂಪಾಂಜಿಯನ್ನು ಪೊಲೀಸರು ಕೊಂದಿದ್ದರು, ಗೇಲಿ ಅದರದು ಎಂದಿತು ಪತ್ರಿಕೆ. ಕಪ್ಪು ಜನರನ್ನು ಮಂಗಗಳೆಂದು ಬರೆದ ನೂರಾರು ಚಿತ್ರಗಳ ನೆನಪಿದ್ದವರಿಗೆ ಅದು ಹಾಗೆ ಕಾಣಲಿಲ್ಲ. ಪತ್ರಿಕೆಯ ಬಾಗಿಲಲ್ಲಿ ನಿಂತು ಕೂಗಿದರು, ಜಾಹೀರಾತು ಕೊಡುವವರನ್ನು ತಡೆಯಲು ನೋಡಿದರು. ಮಾಲೀಕ ರೂಪರ್ಟ್ ಮರ್ಡೋಕ್ ಕ್ಷಮೆ ಕೇಳಿದರು. ಚಿತ್ರ ಬರೆದವರನ್ನು ಯಾರೂ ಜೈಲಿಗೆ ಹಾಕಲಿಲ್ಲ. ಆ ದೇಶದ ಕಾನೂನಿನಲ್ಲಿ ಅದಕ್ಕೆ ಆಸ್ಪದವೂ ಇಲ್ಲ. 'ಉದ್ದೇಶ ಅದಾಗಿರಲಿಲ್ಲ' ಎಂಬ ಮಾತು ಬಸವನಹುಳುವಿಗೂ ಚಿಂಪಾಂಜಿಗೂ ಒಂದೇ.

ಇಲ್ಲಿಯ ಕಾನೂನು ಬೇರೆ, ಪಾಲಕರು ತಿಳಿದಿರುವುದು ಒಳ್ಳೆಯದು. ದೌರ್ಜನ್ಯ ತಡೆ ಕಾಯ್ದೆ 1989ರದು. ಸಾರ್ವಜನಿಕರ ಎದುರು ಪರಿಶಿಷ್ಟರನ್ನು ಬೇಕೆಂದೇ ಅವಮಾನಿಸುವುದು ಅದರಡಿ ಅಪರಾಧ. 2015ರ ತಿದ್ದುಪಡಿಯಿಂದ, ಅವರು ಗೌರವಿಸುವ ದಿವಂಗತ ವ್ಯಕ್ತಿಯನ್ನು ಅಗೌರವಿಸುವುದೂ ಸೇರಿತು. ಇಂಥ ಕಾಯ್ದೆ ಯಾಕೆ ಬೇಕಾಯಿತೆಂದು ಮಕ್ಕಳಿಗೆ ಹೇಳದೆ, ಬರೀ 'ಕೇಸಾಗುತ್ತದೆ, ಬಾಯಿ ಮುಚ್ಚಿಕೊಂಡಿರು' ಎಂದರೆ ಹುಡುಗ ಭಯ ಕಲಿಯುತ್ತಾನೆ, ಬೇರೇನೂ ಕಲಿಯುವುದಿಲ್ಲ.

ಮಾತಿನ ಸ್ವಾತಂತ್ರ್ಯದ ಹೆಸರಿನಲ್ಲಿ ದಲಿತರಿಗೆ ಸಹನೆ ಬೋಧಿಸುವವರು ಒಂದು ಹಳೆಯ ಕಥೆಯನ್ನೂ ನೆನೆಯಬೇಕು. 1920ರಲ್ಲಿ ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ಆರಂಭಿಸಿದಾಗ 'ಕೇಸರಿ' ಹಣ ಕೊಟ್ಟರೂ ಅದರ ಜಾಹೀರಾತು ಹಾಕಲಿಲ್ಲ. ಇನ್ನೂ ಹತ್ತಿರದ್ದು ಬೂಸಾ ಪ್ರಕರಣ. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ತಡೆಹಾಕಿದ ಮಂತ್ರಿ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ಒರಟು ಮಾತೇ, ಸಂಶಯವಿಲ್ಲ. ಆದರೆ ಅದೂ ಒಂದು ವಿಮರ್ಶೆ, ಒಂದು ಗೇಲಿ. ಆಗ ಸಹನೆಯ ಪಾಠ ಯಾರಿಗೂ ನೆನಪಾಗಲಿಲ್ಲ. ಬೀದಿಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು, ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ಆ ಪೆಟ್ಟಿನಿಂದ ಎದ್ದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿಯನ್ನೂ ಒಂದು ಹೊಸ ಸಾಹಿತ್ಯವನ್ನೂ ಕಟ್ಟಿದರು. ಲೇಖನಿ ಕೈಗೆ ಬಂತು. 2019ರಲ್ಲಿ ಉನ್ನಮತಿ ಶ್ಯಾಮಸುಂದರ್ ಎಂಬ ದಲಿತ ವ್ಯಂಗ್ಯಚಿತ್ರಕಾರರು, ಪತ್ರಿಕೆಗಳು ಅಂಬೇಡ್ಕರರನ್ನು ಗೇಲಿ ಮಾಡಿದ ನೂರಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಹುಡುಕಿ ತಾವೇ ಪುಸ್ತಕವಾಗಿ ಹೊರತಂದರು. ಮುಚ್ಚಿಡಲಿಲ್ಲ. ಒಂದೊಂದನ್ನೂ ಎದುರಿಗಿಟ್ಟುಕೊಂಡು ಇದರಲ್ಲಿ ಯಾರು ಯಾರನ್ನು ನಗುತ್ತಿದ್ದಾರೆ ಎಂದು ಕೇಳಿದರು.

ಅಂದಹಾಗೆ, ಈ ವಿಷಯದ ಮೇಲೆ ತೀರ ಹಳೆಯ ದಾಖಲೆಯೊಂದು ಚಿತ್ತಾಪುರ ತಾಲ್ಲೂಕಿನಲ್ಲೇ ಇದೆ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಛಾವಣಿ ಕುಸಿದಾಗ, ಕಾಳಿಯ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಅದರಲ್ಲಿ ಹನ್ನೆರಡನೆಯ ಶಾಸನವಿದೆ. ಮಾತಿನ ಮೇಲೆ ಹಿಡಿತವಿರಲಿ, ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯಬೇಡ, ಕಾರಣವಿದ್ದರೂ ಹದವಾಗಿ ಆಡು, ಒಬ್ಬರ ಮಾತನ್ನೊಬ್ಬರು ಕೇಳಿ ಎಂಬುದು ಅದರ ತಾತ್ಪರ್ಯ. ಹೇಳಿದವನು ಸಾಮ್ರಾಟ, ಗೇಲಿ ಮಾಡಬಲ್ಲವರಿಗೆ ಹೇಳಿದ್ದು, ಗೇಲಿಗೊಳಗಾದವರಿಗಲ್ಲ. ವಿಗ್ರಹ ಕೂರಿಸಲೆಂದು ಯಾರೋ ಚಪ್ಪಡಿಯ ನಡುವೆ ಚೌಕ ಕಂಡಿ ಕೊರೆದಿದ್ದರಿಂದ ಕೆಲವು ಅಕ್ಷರ ಹೋಗಿವೆ. ಶಾಲೆಯ ಪ್ರವಾಸದ ಬಸ್ಸುಗಳು ವಿಜಯಪುರಕ್ಕೆ, ಹಂಪಿಗೆ ಹೋಗುತ್ತವೆ. ಚಿತ್ತಾಪುರದಿಂದ, ವಾಡಿಯಿಂದ ಸನ್ನತಿಗೆ ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮನೆಗೆ ಬರಬಹುದು.