ನಿಂತ ಗೋಡೆಗೂ ನೆರವು ಬೇಕು

ನೆರೆ ಇಳಿದ ಮರುದಿನ ಗ್ರಾಮಕ್ಕೆ ಬರುವ ಸಮೀಕ್ಷೆಯವರು ಮೊದಲು ಕೇಳುವುದು, ಎಷ್ಟು ಮನೆಗಳು ಬಿದ್ದಿವೆ ಎಂದು. ಬೀಳದೆ ನಿಂತ ಮನೆಗಳು ಉಳಿದವೆಂದೇ ಎಲ್ಲರ ಎಣಿಕೆ. ಆದರೆ ನೀರು ಕುಡಿದ ಗೋಡೆ ಎರಡು ಮೂರು ವಾರಗಳ ನಂತರ, ಪತ್ರಿಕೆಗಳು ನೆರೆಯನ್ನು ಮರೆತ ಮೇಲೆ, ಕುಸಿಯುವುದುಂಟು. ಮನೆಯೊಂದರ ಅಳಿವು ಉಳಿವು ನಿರ್ಧಾರವಾಗುವುದು ನೀರು ಇಳಿದ ನಂತರದ ದಿನಗಳಲ್ಲಿ. ಆ ದಿನಗಳ ಹೊಣೆಯನ್ನು ಹೊರುವವರು ಯಾರು ಎಂಬುದೇ ಇಂದಿನ ಪ್ರಶ್ನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಜಾರಿದಾಗ ನಾಡಿನ ಗಮನವೆಲ್ಲ ಅತ್ತ ಹರಿಯಿತು. ಅದು ಸಹಜವೂ ಹೌದು. ಅದೇ ಮಳೆಯಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. 2019ರಲ್ಲಿ ಮತ್ತೆ ನುಗ್ಗಿತು. ಆ ವರ್ಷ ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳೂ ನೆರೆಗೆ ಸಿಕ್ಕವು. ಇಂತಹ ಕಡೆಗಳಲ್ಲಿ ಗೋಡೆ ನಿಂತಿದ್ದರೂ ಒಳಗೆ ಕೆಸರು, ನೆನೆದ ಅಕ್ಕಿ, ಉಬ್ಬಿದ ಬಾಗಿಲು, ಕಲುಷಿತ ಬಾವಿ. ಗಂಜಿ ಕೇಂದ್ರದಿಂದ ಹಿಂದಿರುಗಿದ ಕುಟುಂಬ ಇವನ್ನೆಲ್ಲ ತಾನೇ ನಿಭಾಯಿಸಬೇಕು.

ಪರಿಹಾರದ ನಿಯಮಗಳನ್ನು ನೋಡಿ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿಪಡಿಸಿದ ವಿಪತ್ತು ಪರಿಹಾರ ಮಾನದಂಡದಲ್ಲಿ ಗುಡ್ಡಗಾಡಿನಲ್ಲಿ ಪೂರ್ಣ ಹಾನಿಯಾದ ಮನೆಗೆ 1.30 ಲಕ್ಷ ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇ. 15 ಇದ್ದರೆ. ತೇವ ಹೀರಿ ನಿಂತ ಗೋಡೆಯ ಹಾನಿ ಶೇಕಡಾ ಎಷ್ಟು? ಸಮೀಕ್ಷೆಯ ದಿನ ಅದು ಕಣ್ಣಿಗೆ ಕಾಣದು. ಕಾಣುವ ಹೊತ್ತಿಗೆ ಸಮೀಕ್ಷೆ ಮುಗಿದಿರುತ್ತದೆ.

ನಗರಗಳಲ್ಲಿ ತೇವ ಹೀರುವ ಯಂತ್ರ ತಂದು ಮನೆ ಒಣಗಿಸಿಕೊಡುವ ಕಂಪನಿಗಳಿರಬಹುದು. ರಸ್ತೆ ಕಡಿದು, ವಿದ್ಯುತ್ ಹೋದ ಊರಿಗೆ ಅವು ಬರುವುದಿಲ್ಲ. ಅಲ್ಲದೆ ಜುಲೈ ಆಗಸ್ಟ್‌ನ ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಕಿಟಕಿ ತೆರೆದಿಟ್ಟರೂ ಗೋಡೆ ಬೇಗನೆ ಆರದು. ಮಣ್ಣಿನ ಗೋಡೆ ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಮಾಡಿನ ಭಾರಕ್ಕೆ ಮರದ ಆಸರೆ ಕೊಡಬೇಕು. ಬುಡದಲ್ಲಿ ದೊಡ್ಡ ಬೆಂಕಿ ಹಾಕಿ ಅವಸರದಿಂದ ಒಣಗಿಸಿದರೆ ಬಿರುಕು ಬಿಡುತ್ತದೆ. ಜಂಬಿಟ್ಟಿಗೆ ಕಲ್ಲು ಹೀರಿದ ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಅದರ ಮೇಲೆ ಕೂಡಲೇ ಸಿಮೆಂಟ್ ಗಿಲಾವು ಮಾಡಿ ಬಣ್ಣ ಬಳಿದರೆ ತೇವ ಒಳಗೇ ಉಳಿದು, ಹಕ್ಕಳೆ ಎದ್ದು, ಬೂಷ್ಟು ಹಿಡಿಯುತ್ತದೆ. ಸುಣ್ಣದ ಗಾರೆಯಾದರೆ ಗೋಡೆಯ ತೇವ ಹೊರಹೋಗಲು ಎಡೆ ಕೊಡುತ್ತದೆ. ದೀಪಾವಳಿಯ ಬಿಸಿಲು ಕಾಣುವವರೆಗೆ ಗಿಲಾವನ್ನು ತಡೆಹಿಡಿಯುವುದೇ ವಿವೇಕ.

ಮನೆಯೊಳಗೆ ಕಾಲಿಡುವ ಮುನ್ನ ಹಿತ್ತಿಲ ಧರೆ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ನೀರಲ್ಲಿ ನಿಂತು ಮುಟ್ಟಬಾರದು. ಬಲ್ಲವರು ಪರೀಕ್ಷಿಸುವವರೆಗೆ ಸಂಪರ್ಕ ಕಡಿದೇ ಇರಲಿ. ಕೆಸರನ್ನು ಅದು ಗಟ್ಟಿಯಾಗುವ ಮೊದಲೇ ಹೊರಹಾಕಬೇಕು. ಇಲಿಜ್ವರದ ರೋಗಾಣು ಕಾಲಿನ ಗಾಯದ ಮೂಲಕವೂ ದೇಹ ಸೇರಬಹುದಾದ್ದರಿಂದ ಬರಿಗಾಲು ಸಲ್ಲದು. ಬಾವಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿ ಎಂಬುದು ಸಾಮಾನ್ಯ ದಿನಗಳ ಅಳತೆ. ನೆರೆ ಹೊಕ್ಕ ಬಾವಿಗೆ ಅದು ಸಾಲದು. ಕೆಸರು ನೀರನ್ನು ಬರಿದುಮಾಡಿ, ಆರೋಗ್ಯ ಕಾರ್ಯಕರ್ತರು ಸೂಚಿಸಿದ ಪ್ರಮಾಣದಲ್ಲಿ ಶುದ್ಧೀಕರಿಸಿ, ಆನಂತರವೂ ಕುದಿಸಿಯೇ ಕುಡಿಯಬೇಕು.

ಇದಾವುದೂ ದೊಡ್ಡ ವಿದ್ಯೆಯಲ್ಲ. ಮಳೆಗಾಲಕ್ಕೆ ಮುನ್ನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಹಿರಿಯರು ಮಣ್ಣು, ಮಳೆಗಳ ಸ್ವಭಾವವನ್ನು ಬಲ್ಲವರು. ಪ್ರತಿ ಪಂಚಾಯಿತಿಯಲ್ಲಿ ಒಂದು ನೀರೆತ್ತುವ ಡೀಸೆಲ್ ಪಂಪು, ಟಾರ್ಪಾಲು, ಸಲಿಕೆ, ಬ್ಲೀಚಿಂಗ್ ಪುಡಿ, ಆಸರೆಗೆ ಮರ, ಜೊತೆಗೆ ಮಣ್ಣು ಸುಣ್ಣದ ಕೆಲಸ ಬಲ್ಲ ಇಬ್ಬರು ಗಾರೆಯವರು ಮತ್ತು ಒಬ್ಬ ವಿದ್ಯುತ್ ಕೆಲಸಗಾರ ಮೇ ತಿಂಗಳಲ್ಲೇ ಸಿದ್ಧವಿರಲಿ. ಅವರಿಗೆ ಕೂಲಿ ಪಂಚಾಯಿತಿಯಿಂದಲೇ ಸಲ್ಲಲಿ. ವಿದ್ಯಾರ್ಥಿ ಮಿತ್ರರು ಮಾಡಬಹುದಾದ ಕೆಲಸವೂ ಇದೆ: ಕೆಸರು ತೊಳೆಯುವ ಮೊದಲು ಪ್ರತಿ ಮನೆಯ ಗೋಡೆಯ ಮೇಲೆ ನೀರು ನಿಂತ ಮಟ್ಟವನ್ನು ಗುರುತಿಸಿ, ಅಳೆದು, ದಿನಾಂಕ ಸಹಿತ ಚಿತ್ರ ತೆಗೆದಿಡುವುದು. ತಿಂಗಳ ನಂತರ ಗೋಡೆ ಬಿದ್ದಾಗ ಬಡ ಕುಟುಂಬದ ಕೈಯಲ್ಲಿರುವ ಸಾಕ್ಷ್ಯ ಅದೊಂದೇ ಆಗಬಹುದು.

ನೆನೆದ ಮನೆಗಳನ್ನು ಒಂದು ತಿಂಗಳ ನಂತರ ಮತ್ತೊಮ್ಮೆ ಸಮೀಕ್ಷಿಸಬೇಕೆಂಬುದು ನಮ್ಮ ಸ್ಪಷ್ಟ ಬೇಡಿಕೆ. ಜೊತೆಗೆ ನಮ್ಮ ಕರ್ತವ್ಯವೂ ಒಂದಿದೆ. ಧರೆಯನ್ನು ನೆಟ್ಟಗೆ ಕಡಿದು, ಹಳ್ಳದ ಜಾಡನ್ನು ಮುಚ್ಚಿ, ಗದ್ದೆಯನ್ನು ಮಣ್ಣು ತುಂಬಿ ಎತ್ತರಿಸಿದಲ್ಲಿ ನೀರು ಹೋಗುವುದಾದರೂ ಎಲ್ಲಿಗೆ? ಅದರ ದಾರಿಯನ್ನು ಬಿಡಿಸಿಕೊಡದೆ ಗೋಡೆಯನ್ನಷ್ಟೇ ರಿಪೇರಿ ಮಾಡಿದರೆ ಮುಂದಿನ ಮಳೆಗೆ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಈ ಎರಡೂ ವಿಷಯಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಯಾರೂ ಎದ್ದು ಬರಬಾರದು.