ಚೀಲದ ಮೇಲೆ ಕೊಡಗು, ಒಳಗೆ ಯಾವ ನಾಡು?

ಸಿದ್ದಾಪುರದಿಂದ ಕುಶಾಲನಗರದ ಕಡೆಗೆ ಹೊರಡಿ, ಮಡಿಕೇರಿಯ ಕಡೆಗೆ ಹೊರಡಿ, ದಾರಿಯುದ್ದಕ್ಕೂ ಮಸಾಲೆ ಅಂಗಡಿಗಳು ಸಿಗುತ್ತವೆ. ಅಲ್ಲೊಂದು ಕರಿಮೆಣಸಿನ ಪೊಟ್ಟಣ ತೆಗೆದುಕೊಂಡು ಹಿಂದೆ ಮುಂದೆ ಓದಿ ನೋಡಿ. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ 'ಕೂರ್ಗ್ ಪೆಪ್ಪರ್' ಎಂದಿರುತ್ತದೆ. ಹಿಂಬದಿಯಲ್ಲಿ ತೂಕ, ಬೆಲೆ, ಪ್ಯಾಕ್ ಮಾಡಿದ ತಿಂಗಳು, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಪ್ಯಾಕ್ ಮಾಡಿದವರ ವಿಳಾಸ ಇರುತ್ತವೆ. ಆ ಕಾಳು ಯಾವ ಊರಿನ ಬಳ್ಳಿಯಲ್ಲಿ ಬಿಟ್ಟಿತು ಎಂಬುದು ಮಾತ್ರ ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ. ಊರಿನ ಹೆಸರು ಹಾಕಿ ದುಡ್ಡು ಮಾಡಬಹುದು, ಆ ಊರಿನದೇ ಮಾಲು ಎಂದು ತೋರಿಸುವ ಹೊಣೆ ಯಾರ ಮೇಲೂ ಇಲ್ಲ. ಇದು ನಿಲ್ಲಬೇಕು. ಕೊಡಗಿನ ಹೆಸರಿನಲ್ಲಿ ಮಾರುವವನು ಅದು ಕೊಡಗಿನದೇ ಎಂಬುದಕ್ಕೆ ದಾಖಲೆ ಇಟ್ಟುಕೊಂಡಿರಬೇಕು, ಕೇಳಿದಾಗ ತೋರಿಸಬೇಕು.

ಇದು ಬರೀ ಅನುಮಾನದ ಮಾತಲ್ಲ. 2017ರಲ್ಲಿ ಗೋಣಿಕೊಪ್ಪದ ಎಪಿಎಂಸಿಯ ವಿಷಯ ಬೀದಿಗೆ ಬಂದದ್ದು ಜಿಲ್ಲೆಯ ಬೆಳೆಗಾರರಿಗೆಲ್ಲ ನೆನಪಿದೆ. ವಿಯೆಟ್ನಾಂನಿಂದ ಬಂದ ಅಗ್ಗದ ಮೆಣಸು ಅಲ್ಲಿಗೆ ಬಂದಿಳಿಯುತ್ತಿದೆ, ನಮ್ಮ ಮೆಣಸಿನ ಜೊತೆ ಬೆರೆತು ಕೊಡಗಿನ ಮಾಲಾಗಿ ಹೊರಗೆ ಹೋಗುತ್ತಿದೆ ಎಂಬ ಆರೋಪ ಆಗ ಎದ್ದಿತು. ಬೆಳೆಗಾರರು ಪ್ರತಿಭಟಿಸಿದರು, ತನಿಖೆಗೆ ಪಟ್ಟು ಹಿಡಿದರು. ಅದಕ್ಕೆ ಒಂದೆರಡು ವರ್ಷ ಮುಂಚೆ ಕೆ.ಜಿ.ಗೆ 700 ರೂಪಾಯಿ ಮುಟ್ಟಿದ್ದ ಧಾರಣೆ 2018-19ರ ಹೊತ್ತಿಗೆ 350ರ ಆಸುಪಾಸಿಗೆ ಕುಸಿದಿತ್ತು. ಬೆಲೆ ಬೀಳಲು ವಿಯೆಟ್ನಾಂನಲ್ಲಿ ಬೆಳೆ ಹೆಚ್ಚಾದದ್ದೂ ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಗ್ಗದ ಮಾಲು ನಮ್ಮದೇ ಹೆಸರು ತೊಟ್ಟು ನಮ್ಮದೇ ಮಾರುಕಟ್ಟೆಯಲ್ಲಿ ನಮ್ಮೆದುರು ನಿಂತರೆ ಬೆಳೆಗಾರ ಯಾವ ಬಲದ ಮೇಲೆ ಚೌಕಾಸಿ ಮಾಡಬೇಕು?

ಈ ಮೆಣಸು ಒಳಬರುವ ದಾರಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಕರಿಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಂದ ನೇರ ತರಿಸಿದರೆ ಆಸಿಯಾನ್ ಒಪ್ಪಂದದ ರಿಯಾಯಿತಿ ಕಳೆದೂ ಶೇ 50ರ ಆಸುಪಾಸು ಸುಂಕ ಬೀಳುತ್ತದೆ. ಶ್ರೀಲಂಕಾದಲ್ಲಿ ಬೆಳೆದ ಮೆಣಸಾದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ ಶೇ 8 ಮಾತ್ರ. ಭಾರತ-ಶ್ರೀಲಂಕಾ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು, ಅದರಡಿ ವರ್ಷಕ್ಕೆ 2,500 ಟನ್ನಿನವರೆಗೆ ಸುಂಕವೇ ಇಲ್ಲ. ಐವತ್ತಕ್ಕೂ ಎಂಟಕ್ಕೂ ನಡುವಿನ ಈ ಅಂತರವೇ ಕಳ್ಳದಾರಿಯ ಬಂಡವಾಳ. ವಿಯೆಟ್ನಾಂನ ಚೀಲ ಕೊಲಂಬೊದಲ್ಲಿ ಇಳಿದು, ಅಲ್ಲಿ 'ಮೂಲ ಶ್ರೀಲಂಕಾ' ಎಂಬ ಪ್ರಮಾಣಪತ್ರ ಪಡೆದು ನಮ್ಮ ಬಂದರಿಗೆ ಬಂದರೆ ಅದರ ಹುಟ್ಟೂರು ಒಂದು ಸಲ ಬದಲಾಯಿತು. ಅಲ್ಲಿಂದ ಲಾರಿ ಹತ್ತಿ, ಗೋದಾಮಿನಲ್ಲಿ ಸ್ಥಳೀಯ ಕಾಳಿನೊಂದಿಗೆ ಬೆರೆತು 'ಕೂರ್ಗ್' ಎಂಬ ಮುದ್ರೆ ಬಿದ್ದರೆ ಎರಡನೇ ಸಲ ಬದಲಾಯಿತು. ಇನ್ನೊಂದು ದಾರಿಯೂ ಇದೆ. ಎಣ್ಣೆ ತೆಗೆದು ಮರುರಫ್ತು ಮಾಡುತ್ತೇವೆಂದು ಸುಂಕವಿಲ್ಲದೆ ತರಿಸಿಕೊಳ್ಳುವ ಮಾಲು ಕಾರ್ಖಾನೆಯ ಹಿಂಬಾಗಿಲಿನಿಂದ ದೇಶದೊಳಗಿನ ಮಾರುಕಟ್ಟೆಗೆ ಸೋರುತ್ತದೆ ಎಂದು ಬೆಳೆಗಾರರ ಸಂಘಟನೆಗಳು ವರ್ಷಗಳಿಂದ ದೂರುತ್ತ ಬಂದಿವೆ.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು. ಬೆಳೆಗಾರರು ಹೋರಾಡಿ ಪಡೆದ ಕ್ರಮ ಅದು, ಸ್ವಾಗತಿಸಲೇಬೇಕು. ಆದರೆ ಕನಿಷ್ಠ ಬೆಲೆ ನೋಡುವುದು ಬಿಲ್ಲನ್ನು. ಮುನ್ನೂರರ ಮಾಲಿಗೆ ಐನೂರರ ಬಿಲ್ಲು ಬರೆಸುವುದು ವ್ಯಾಪಾರ ಬಲ್ಲವರಿಗೆ ಕಷ್ಟದ ಕೆಲಸವಲ್ಲ. 2020ರ ಸೆಪ್ಟೆಂಬರ್ 21ರಿಂದ ಕಸ್ಟಮ್ಸ್ ಇಲಾಖೆಯ ಹೊಸ ಮೂಲ-ನಿಯಮಗಳು ಬಂದವು. ಅವುಗಳ ಪ್ರಕಾರ ವಿದೇಶದ ಪ್ರಮಾಣಪತ್ರ ಒಂದನ್ನೇ ತೋರಿಸಿದರೆ ಸಾಲದು, ಮಾಲು ಎಲ್ಲಿ ಹೇಗೆ ತಯಾರಾಯಿತು ಎಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕು. ಇದು ಸರಿಯಾದ ದಿಕ್ಕು. ದುರಂತವೆಂದರೆ ಈ ವಿಚಾರಣೆಯೆಲ್ಲ ಬಂದರಿನಲ್ಲೇ ಮುಗಿಯುತ್ತದೆ. ಬಂದರು ದಾಟಿ ಘಟ್ಟ ಹತ್ತಿದ ಮೇಲೆ ಚೀಲವನ್ನು ಯಾರೂ ಏನೂ ಕೇಳುವುದಿಲ್ಲ.

ಕೇಳಲು ಸಾಧ್ಯವೇ ಇಲ್ಲವೆನ್ನುವವರಿಗೆ ಕೋವಿಯ ಉದಾಹರಣೆ ಕೊಡುತ್ತೇನೆ. ಕೊಡಗಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಹೂವಿಟ್ಟು ಪೂಜಿಸುವ ನಾಡು ಇದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅಮೆರಿಕದಲ್ಲಿ ಬಹುಕಾಲದಿಂದ ಒಂದು ಜಗಳ ನಡೆದಿದೆ: ಅಮೆರಿಕದ ಹೆಸರು ಹೊತ್ತ ಬಂದೂಕುಗಳು ನಿಜಕ್ಕೂ ಅಮೆರಿಕದಲ್ಲೇ ಆಗುತ್ತವೆಯೇ? ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂದರೆ ಮ್ಯಾಸಚೂಸೆಟ್ಸ್‌ನ ಸರ್ಕಾರಿ ಶಸ್ತ್ರಾಗಾರ. ಅದು 1968ರಲ್ಲಿ ಮುಚ್ಚಿತು. ಆಮೇಲೆ ಆ ಹೆಸರನ್ನು ಇಲಿನಾಯ್‌ನ ಖಾಸಗಿ ಕಂಪನಿಯೊಂದು ತೆಗೆದುಕೊಂಡಿತು. ಅದು ಮಾರುವ ಎಕ್ಸ್‌ಡಿ ಪಿಸ್ತೂಲು ತಯಾರಾದದ್ದು ಕ್ರೊಯೇಷಿಯಾದ ಕಾರ್ಲೊವಾಟ್ಸ್ ಊರಿನಲ್ಲಿ. ವಿಂಚೆಸ್ಟರ್ ಎಂದರೆ ಅಮೆರಿಕದ ಪಶ್ಚಿಮ ಸೀಮೆಯ ಕೋವಿ ಎಂದು ಜಗತ್ತೆಲ್ಲ ನಂಬಿದೆ. ಅದರ ನ್ಯೂಹೇವನ್ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು, ಆ ಹೆಸರಿನ ಕೆಲವು ರೈಫಲ್‌ಗಳು ಈಗ ಜಪಾನಿನ ಮಿರೋಕು ಕಾರ್ಖಾನೆಯಿಂದ ಬರುತ್ತವೆ. ನಮ್ಮಲ್ಲೂ ಅಷ್ಟೇ, ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗುತ್ತದೆ.

ಹೆಸರು ಒಂದು ಕಡೆ, ಕುಲುಮೆ ಇನ್ನೊಂದು ಕಡೆ. ಆದರೆ ಅಮೆರಿಕದಲ್ಲಿ ಕೊಳ್ಳುವವನಿಗೆ ನಿಜ ತಿಳಿಯುವ ದಾರಿ ಇದೆ. ಆಮದಾದ ಬಂದೂಕಿನ ಲೋಹದ ಮೇಲೆಯೇ ತಯಾರಕನ ಹೆಸರು, ತಯಾರಾದ ದೇಶ, ಆಮದುದಾರನ ಹೆಸರು, ಊರು ಎಲ್ಲವನ್ನೂ ಕೊರೆದಿರಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಆಮದು ಭಾಗಗಳಿಂದ ಅಲ್ಲೇ ಜೋಡಿಸುವ ಕೆಲವು ಬಗೆಯ ರೈಫಲ್‌ಗಳಲ್ಲಂತೂ ಪಟ್ಟಿ ಮಾಡಿದ 20 ಭಾಗಗಳ ಪೈಕಿ ಹತ್ತಕ್ಕಿಂತ ಹೆಚ್ಚು ವಿದೇಶದವು ಇರಕೂಡದು. ಯಾವ ವಸ್ತುವೇ ಆಗಲಿ, 'ಅಮೆರಿಕದಲ್ಲಿ ತಯಾರಾದದ್ದು' ಎಂದು ಬರೆಯಬೇಕಾದರೆ ಅದು ಪೂರ್ತಿಯಾಗಿ ಅಥವಾ ಬಹುತೇಕ ಪೂರ್ತಿಯಾಗಿ ಅಲ್ಲಿನದೇ ಆಗಿರಬೇಕೆಂಬ ನಿಯಮಕ್ಕೆ 2021ರಲ್ಲಿ ದಂಡದ ಬಲವೂ ಬಂತು. ಕಬ್ಬಿಣದ ಭಾಗಗಳನ್ನು ಒಂದೊಂದಾಗಿ ಎಣಿಸಿ ಊರು ಕೇಳುವ ಕಾನೂನು ಇರಬಹುದಾದರೆ, ಮನುಷ್ಯ ತಿನ್ನುವ ಕಾಳಿಗೆ ಊರು ಕೇಳುವ ಕಾನೂನು ಯಾಕೆ ಇರಬಾರದು?

ವ್ಯಾಪಾರಿಗಳದ್ದೊಂದು ವಾದವಿದೆ. ಮಸಾಲೆ ವ್ಯಾಪಾರದಲ್ಲಿ ಬೆರಕೆ ಹೊಸತಲ್ಲ, ದರ್ಜೆ ಸರಿದೂಗಿಸಲು ಬೇರೆ ಬೇರೆ ಕಡೆಯ ಮಾಲು ಸೇರಿಸಲೇಬೇಕು, ಗ್ರಾಹಕನಿಗೂ ಕಡಿಮೆ ಬೆಲೆ ಬೇಕು ಎನ್ನುತ್ತಾರೆ. ಸೇರಿಸಲಿ. ವಿಯೆಟ್ನಾಂನ ಮೆಣಸನ್ನು ವಿಯೆಟ್ನಾಂನ ಮೆಣಸೆಂದು ಮಾರಲಿ, ಬೆರಕೆಯನ್ನು ಬೆರಕೆಯೆಂದು ಮಾರಲಿ. ಅಲ್ಲಿನ ರೈತನ ಮೇಲೆ ನನಗೆ ಕೋಪವಿಲ್ಲ, ಅವನೂ ನಮ್ಮ ಹಾಗೆ ಸೊರಗು ರೋಗಕ್ಕೂ ಧಾರಣೆಗೂ ಹೆದರಿ ಬದುಕುವವನು. ಕೋಪ ಇರುವುದು ಅವನ ಬೆವರಿಗೂ ನಮ್ಮ ಬೆವರಿಗೂ ಸುಳ್ಳು ಹೆಸರು ಹಚ್ಚಿ ನಡುವೆ ಲಾಭ ಬಾಚುವವರ ಮೇಲೆ. ಕಾಫಿಗೆ ಚಿಕೋರಿ ಸೇರಿಸಿದರೆ ಎಷ್ಟು ಪಾಲು ಎಂದು ಪೊಟ್ಟಣದ ಮೇಲೆ ಬರೆಯಬೇಕು, ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು ಎಂಬ ನಿಯಮ ಇದೆ. ಅದರಿಂದ ಕಾಫಿ ವ್ಯಾಪಾರ ಮುಳುಗಿಹೋಗಲಿಲ್ಲ.

ನಮ್ಮ ಬೆಳೆಗಾರ ಮೆಣಸು ಮಾರಲು ಹೋದಾಗ ಏನಾಗುತ್ತದೆ ನೋಡಿ. ಮಾಲ್ದಾರೆ, ಕರಡಿಗೋಡು, ಗುಹ್ಯ, ಚೆನ್ನಯ್ಯನಕೋಟೆ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಆನೆ ಎಲ್ಲಿದೆ ಎಂದು ವಿಚಾರಿಸಿಕೊಂಡೇ ಕೆಲಸಕ್ಕೆ ಇಳಿಯಬೇಕು. ಕಾರ್ಮಿಕರು ಸಿಲ್ವರ್ ಓಕ್ ಮರಕ್ಕೆ ಒಂಟಿ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿ ಕೊಯ್ಯುತ್ತಾರೆ. ಬಿಡಿಸಿ, ಕಣದಲ್ಲಿ ದಿನಗಟ್ಟಲೆ ಒಣಗಿಸಿ, ಜೊಳ್ಳು ತೂರಿ, ಚೀಲ ತುಂಬಿ ಅಂಗಡಿಗೆ ಒಯ್ದರೆ ಅಲ್ಲಿ ಮೊದಲು ತೇವಾಂಶದ ಯಂತ್ರ ಬರುತ್ತದೆ. ಆಮೇಲೆ ಲೀಟರ್ ಅಳತೆ. ಅಳತೆಗೆ ತುಂಬಿ ತೂಗಿದಾಗ 550 ಗ್ರಾಂ ಬಂದರೆ ಒಳ್ಳೆಯ ಮಾಲು, 500ಕ್ಕಿಂತ ಕೆಳಗಿಳಿದರೆ ದರಕ್ಕೆ ಕತ್ತರಿ. ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ, ಮೂಸಿ ನೋಡುತ್ತಾರೆ. ಮಾಡಲಿ, ಅದು ಅವರ ಹಕ್ಕು. ಆದರೆ ಬೆಳೆದವನನ್ನು ಗ್ರಾಂ ಲೆಕ್ಕದಲ್ಲಿ ಪರೀಕ್ಷಿಸುವ ಅದೇ ವ್ಯವಸ್ಥೆ, ಅದೇ ಚೀಲ ಅಂಗಡಿಯ ಇನ್ನೊಂದು ಬಾಗಿಲಿನಿಂದ ಹೊರಡುವಾಗ ಏನನ್ನೂ ಪರೀಕ್ಷಿಸುವುದಿಲ್ಲ. ಎಷ್ಟು ಸ್ಥಳೀಯ ಮಾಲು ಒಳಬಂತು, ಎಷ್ಟು ಕೊಡಗಿನ ಹೆಸರಿನಲ್ಲಿ ಹೊರಹೋಯಿತು ಎಂದು ಎರಡು ಲೆಕ್ಕ ಎದುರುಬದುರು ಇಟ್ಟರೆ ಮೋಸ ತಾನಾಗಿ ಬಯಲಾಗುತ್ತದೆ. ಇದಕ್ಕೆ ಪ್ರಯೋಗಾಲಯವೂ ಬೇಡ, ಹೊಸ ಇಲಾಖೆಯೂ ಬೇಡ.

ಇಲ್ಲಿ ಬೆಳೆಗಾರರಿಗೂ ಒಂದು ಮಾತು ಹೇಳಬೇಕು. ಬಿಲ್ಲಿಲ್ಲದೆ ಮಾರಿದರೆ ಕೆ.ಜಿ.ಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಒಪ್ಪಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಬಿಲ್ಲಿಲ್ಲದ ಸ್ಥಳೀಯ ಮಾಲು ಎಷ್ಟೆಂದು ಯಾರಿಗೂ ಗೊತ್ತಿರದಿದ್ದಾಗಲೇ ಬಿಲ್ಲಿಲ್ಲದ ವಿದೇಶಿ ಮಾಲು ಅದರ ಮರೆಯಲ್ಲಿ ಅಡಗುವುದು. ತೋಟದಲ್ಲಿ ಬೆಳೆದದ್ದಕ್ಕೆ ಚೀಟಿ ಬೇಡವೆನ್ನುವವನು ಪೇಟೆಯಲ್ಲಿ ಚೀಟಿ ಕೇಳುವ ಹಕ್ಕನ್ನು ತಾನೇ ಕಳೆದುಕೊಳ್ಳುತ್ತಾನೆ.

ಭೌಗೋಳಿಕ ಸೂಚ್ಯಂಕ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ನಾನು ಒಪ್ಪಲಾರೆ. ಕೊಡಗಿನ ಕಿತ್ತಳೆಗೆ ಅದು ಸಿಕ್ಕಿದೆ, ಹಸಿರು ಏಲಕ್ಕಿಗೆ ಸಿಕ್ಕಿದೆ, 2019ರಲ್ಲಿ ಕೊಡಗು ಅರೇಬಿಕಾ ಕಾಫಿಗೂ ಸಿಕ್ಕಿತು. ಕಿತ್ತಳೆ ತೋಟಗಳು ರೋಗಕ್ಕೆ ಸಿಕ್ಕಿ ಬಹುಪಾಲು ಅಳಿದುಹೋದವು. ರಸ್ತೆ ಬದಿಯಲ್ಲಿ ಮಾತ್ರ ಹೊರಗಿನ ಹಣ್ಣು ಕೊಡಗಿನ ಹಣ್ಣಾಗಿ ಮಾರಾಟವಾಗುತ್ತಲೇ ಇದೆ. ನೋಂದಣಿ ಪತ್ರ ಗೋಡೆಗೆ ತೂಗುಹಾಕಿ, ಹೆಸರು ಕದ್ದವನ ಮೇಲೆ ಮೊಕದ್ದಮೆ ಹೂಡದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ.

ಹಾಗಾಗಿ ಕೇಳಬೇಕಾದದ್ದು ದೆಹಲಿಯನ್ನು ಮಾತ್ರವಲ್ಲ, ಮಡಿಕೇರಿಯನ್ನೂ. ಕೊಡಗಿನ ಹೆಸರು ಹಾಕುವ ಪ್ರತಿಯೊಬ್ಬ ವ್ಯಾಪಾರಿಯ ಖರೀದಿ ಪುಸ್ತಕವನ್ನು ಎಪಿಎಂಸಿ, ಆಹಾರ ಸುರಕ್ಷತಾ ಅಧಿಕಾರಿಗಳು ತಪಾಸಣೆ ಮಾಡಲಿ. ಗೋಣಿಕೊಪ್ಪದ ಆರೋಪದ ತನಿಖೆಯಲ್ಲಿ ಕಂಡದ್ದೇನು, ಯಾರ ಮೇಲೆ ಏನು ಕ್ರಮವಾಯಿತು ಎಂಬುದನ್ನು ಒಂದು ಕಡೆ ಬರೆದು ಜನರ ಮುಂದಿಡಲಿ. ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ ನಮ್ಮ ಮಗ್ಗುಲಲ್ಲೇ ಇದೆ. ಅನುಮಾನ ಬಂದ ಮಾಲಿನ ಮಾದರಿಯನ್ನು ಅಲ್ಲಿನ ವಿಜ್ಞಾನಿಗಳ ಮುಂದಿಟ್ಟು, ನಾಡಿನ ಕಾಳನ್ನು ಹೊರಗಿನದರಿಂದ ಬೇರ್ಪಡಿಸಿ ಹೇಳುವ ವಿಧಾನವೊಂದನ್ನು ರೂಪಿಸಲು ಸ್ಪೈಸಸ್ ಬೋರ್ಡ್ ಹಣ ಕೊಡಲಿ.

ಕೊಡಗಿಗೆ ಬಂದು ಹೋಗುವವರಲ್ಲೂ ಒಂದು ವಿನಂತಿ. ಮೆಣಸು ಕೊಳ್ಳುವ ಮುಂಚೆ ಇದು ಯಾವ ಊರಿನ ತೋಟದ್ದು, ಯಾವ ವರ್ಷದ ಕೊಯ್ಲು ಎಂದು ಕೇಳಿ. ಉತ್ತರ ಹೇಳುವ ಅಂಗಡಿಯಲ್ಲಿ ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಕೊಳ್ಳಿ. ಉತ್ತರ ಬಾರದಿದ್ದರೆ ಪೊಟ್ಟಣ ಅಲ್ಲೇ ಇಟ್ಟು ಬನ್ನಿ.